ಎರಡು ತಾಸು

ದಸ್ತಗೀರ್ ಚಾಚಾ ಏನನ್ನೇ ಕಂಡರೂ ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿರುವ ನಮ್ಮ ಮನೆಯ ಗೋಡೆ, ಗ್ರೋಸರಿಯ ಕಲ್ಲಂಗಡಿ, ನನ್ನ ಹೊಸ ಕಾರಿನ ಬಾಗಿಲು, ಯಾವುದನ್ನೂ ಬಿಟ್ಟವರಲ್ಲ. ತಟ್ಟಿ, ಕಿವಿಗೊಟ್ಟು, "ಒಳಗ ಹುಳುಕಿದ್ರ ದನಿ ಸತ್ತಿರತೈತಿ ನೋಡವಾ" ಎನ್ನುತ್ತಿದ್ದರು.

ಅವರು ನಮ್ಮ ಪಕ್ಕದ ಮನೆಯವರು, ನಿವೃತ್ತ ಎಂಜಿನಿಯರು. ಹುಬ್ಬಳ್ಳಿಯಲ್ಲಿ ಕೆರೆ ಬಿಟ್ಟರೆ ಬೇರೆ ನೀರು ಕಾಣದೆ ಬೆಳೆದ ಈ ಮನುಷ್ಯ, ಹೆಂಡತಿ ತೀರಿಕೊಂಡ ಮೇಲೆ ಗ್ರೀಸಿನಲ್ಲಿ ಒಂದು ಹಳೇ ಹಾಯಿದೋಣಿ ಕೊಂಡರು. ಪ್ರತಿ ಬೇಸಿಗೆ ಒಬ್ಬರೇ ಹೋಗಿ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದರು. ಬಂದರಿನ ಬಾಡಿಗೆ, ದೋಣಿಯ ಉದ್ದ ನೋಡಿ ಹಾಕುವ ತೆರಿಗೆ, ಇನ್ಶೂರೆನ್ಸು, ಚಳಿಗಾಲದಲ್ಲಿ ಕ್ರೇನಿನಿಂದ ಎತ್ತಿಸಿ ದಡದಲ್ಲಿಡುವ ಖರ್ಚು, ಎಲ್ಲ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. "ಗಾಳಿ ಒಂದ ಪುಕ್ಕಟ ಸಿಗತೈತಿ. ಅದ ಎಲ್ಲಕ್ಕಿಂತ ತುಟ್ಟಿ ಬೀಳೂದು."

ನನ್ನನ್ನು ಅವರು ದಡದಲ್ಲಿ ಕಾಯುವವಳನ್ನಾಗಿ ಮಾಡಿಕೊಂಡಿದ್ದರು. ಬೆಳಿಗ್ಗೆ ಹೊರಡುವಾಗ ಎಲ್ಲಿಂದ ಎಲ್ಲಿಗೆ ಎಂದು ವಾಟ್ಸಾಪಿನಲ್ಲಿ ಬರೆಯುವರು. ಅಲ್ಲಿ ಸಂಜೆ ಆರಕ್ಕೆ, ಅಂದರೆ ನಮಗೆ ಬೆಳಿಗ್ಗೆ ಎಂಟಕ್ಕೆ, "ಮುಟ್ಟಿದೆ" ಎಂಬ ಒಂದೇ ಪದ ಬರಬೇಕು. ಬರದಿದ್ದರೆ ನಾನು ಅಲ್ಲಿನ ಕರಾವಳಿ ಪೊಲೀಸರಿಗೆ ಫೋನು ಮಾಡಬೇಕು. ನಿಮ್ಮ ಮಗನಿಗೆ ಏಕೆ ಈ ಕೆಲಸ ಹೇಳುವುದಿಲ್ಲ ಎಂದು ಕೇಳಿದರೆ, "ಅಂವಾ ಮೊದಲ ದೋಣಿ ಮಾರು ಅಂತಾನ" ಎಂದು ನಕ್ಕರು.

ಹೋದ ವರ್ಷ ಒಂದು ದಿನ ಎಂಟೂ ಮುಕ್ಕಾಲಾದರೂ ಸಂದೇಶವಿಲ್ಲ. ಮಗಳನ್ನು ಡೇಕೇರಿಗೆ ಬಿಟ್ಟು, ಪಾರ್ಕಿಂಗಿನಲ್ಲೇ ನಿಂತು ಫೋನು ಮಾಡಿದೆ. ಪೊಲೀಸ್ ದೋಣಿ ಹುಡುಕಿಕೊಂಡು ಹೊರಟಿತು. ಚಾಚಾ ದಡದ ಹೋಟೆಲಿನಲ್ಲಿ ಮೀನು ತಿನ್ನುತ್ತಿದ್ದರು, ಫೋನಿನ ಚಾರ್ಜು ಮುಗಿದಿತ್ತು. ಅವರು ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟು ಬರಬೇಕಾಯಿತು. "ಊರ ಮುಂದ ಮಾನ ತಗದಿಯಲ್ಲವಾ. ಇನ್ನ ಮ್ಯಾಲ ಎರಡ ತಾಸು ತಡಕೋ" ಎಂದರು. ನನಗೂ ನಾಚಿಕೆಯಾಗಿತ್ತು, ಹೂಂ ಎಂದೆ.

ಈ ವರ್ಷ ಅವರನ್ನು ಏರ್‌ಪೋರ್ಟಿಗೆ ಬಿಡಲು ಹೋದೆ. ಫ್ರೀವೇಯುದ್ದಕ್ಕೂ ಡ್ಯಾಶ್‌ಬೋರ್ಡು ತಟ್ಟುತ್ತಲೇ ಇದ್ದರು. "ದೋಣಿ ಹಿಂದ, ಚುಕ್ಕಾಣಿ ಹತ್ರ, ಹ್ವಾದ ವರ್ಷ ತಟ್ಟಿದಾಗ ದನಿ ಸ್ವಲ್ಪ ಸತ್ತಿತ್ತು" ಎಂದರು.

"ಹಾಗಾದರೆ ರಿಪೇರಿ ಮಾಡಿಸಿ ಚಾಚಾ."

"ಎತ್ತಸಬೇಕು, ಬಿಚ್ಚಸಬೇಕು, ಮತ್ತ ಇಳಸಬೇಕು. ಸೀಸನ್ನ ಮುಗದ ಹೋಗತೈತಿ. ಬರೂ ವರ್ಷ ನೋಡೋಣ."

ಹಿರಿಯರಿಗೆ ಇನ್ನೇನು ಹೇಳುವುದೆಂದು ಕಾರನ್ನು ಏರ್‌ಪೋರ್ಟಿನ ದಾರಿಗೆ ತಿರುಗಿಸಿದೆ. ಇಳಿದ ಮೇಲೆ ಕಾರಿನ ಬಾಗಿಲು ತಟ್ಟಿ, "ಇದು ಚಲೋ ಐತಿ" ಎಂದು ಒಳಗೆ ಹೋದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎಂಟು ಹೊಡೆಯಿತು, ಸಂದೇಶ ಬರಲಿಲ್ಲ. ಹೊರಡುವಾಗ ಕಳಿಸಿದ್ದರಲ್ಲಿ "ಗಾಳಿ ಜೋರೈತಿ" ಎಂದಿತ್ತು. ಒಂಬತ್ತಕ್ಕೆ ಮೀಟಿಂಗಿನಲ್ಲಿ ಕೂತು ಫೋನನ್ನೇ ನೋಡುತ್ತಿದ್ದೆ. ಮತ್ತೆ ಮಾನ ಕಳೆಯುವುದು ಬೇಡ ಎಂದು ಕೊಟ್ಟ ಮಾತಿನಂತೆ ಕಾದೆ. ಹತ್ತಕ್ಕೆ ಸರಿಯಾಗಿ, ಅಂದರೆ ಅಲ್ಲಿ ರಾತ್ರಿ ಎಂಟಕ್ಕೆ, ಎದ್ದು ಹೊರಗೆ ಬಂದು ಫೋನು ಮಾಡಿದೆ.

ಮರುದಿನ ದೋಣಿ ಬಂಡೆಗಳ ನಡುವೆ ಸಿಕ್ಕಿತು. ಚುಕ್ಕಾಣಿ ಇರಲಿಲ್ಲ. ಚಾಚಾ ಇಂದಿಗೂ ಸಿಕ್ಕಿಲ್ಲ.

ಅವರು ಎಷ್ಟು ಹೊತ್ತಿಗೆ ಮುಟ್ಟಬೇಕಿತ್ತು ಎಂದು ಆ ದಿನ ಫೋನಿನಲ್ಲಿ ಅಧಿಕಾರಿ ಕೇಳಿದ್ದ. ಎರಡು ಗಂಟೆ ಹಿಂದೆ ಎಂದೆ. ಅವನು ಬೈಯಲಿಲ್ಲ, ಬರೆದುಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಆಗ ಇಲ್ಲಿ ಇನ್ನೂ ಬೆಳಕಿತ್ತು."