ಬದುಕಿದ್ದವಳಿಗೆ ಇಟ್ಟ ಎಡೆ

ಮುಚ್ಚಿದ ಬಾಗಿಲ ಹಿಂದೆ, ಯಾರೂ ಇಲ್ಲದ ಕೋಣೆಯಲ್ಲಿ, ಮೂಳೆ ಕಡಿಯುವ ಸದ್ದು ಕೇಳಿದರೆ ನೀವೇನು ಮಾಡುತ್ತೀರಿ? ನಾನಂತೂ ಪಕ್ಕದಲ್ಲಿದ್ದ ಗೆಳತಿ ಪುಟ್ಟಲಕ್ಷ್ಮಿಯ ಕೈ ಹಿಡಿದುಕೊಂಡೆ.

ಹಿರಿಯರ ಹಬ್ಬಕ್ಕೆಂದು ಮಳವಳ್ಳಿ ಕಡೆಯ ಅವಳ ಹಳ್ಳಿಗೆ ಹೋಗಿದ್ದೆ. (ಬಂಡೂರು ಕುರಿ ಸಾರು ಅಂದರೆ ಮಂಡ್ಯದಿಂದ ನಡೆದೇ ಹೋಗುವವಳು ನಾನು.) ನಮ್ಮ ಕಡೆ ಪದ್ಧತಿ ಗೊತ್ತಲ್ಲ? ಸತ್ತವರ ಫೋಟೊ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಣ್ಣಲಿ ಅಂತ. ಆಮೇಲೆ ಕೆಮ್ಮಿ ಸದ್ದು ಮಾಡಿಯೇ ಒಳಗೆ ಹೋಗುವುದು.

"ಬೆಕ್ಕಿರ್ಬೇಕು ಬುಡೇ," ಅಂದಳು ಪುಟ್ಟಲಕ್ಷ್ಮಿ.

ಒಳಗಿಂದ ಬಳೆ ಸದ್ದೂ ಬಂತು. ಬೆಕ್ಕು ಬಳೆ ತೊಡುತ್ತದಾ?

ಅವಳ ಅತ್ತೆ ಚಿಕ್ಕತಾಯಮ್ಮ ಕೆಮ್ಮಿದರು. ಒಳಗೆ ಸದ್ದು ನಿಂತಿತು. ಬಾಗಿಲು ತೆಗೆದರೆ, ಧೂಪದ ಹೊಗೆಯ ನಡುವೆ ಒಬ್ಬಳು ಎಲೆ ಮುಂದೆ ಕೂತಿದ್ದಾಳೆ. ಎದುರಿಗೆ ಹಾರ ಹಾಕಿದ ಫೋಟೊ. ಎರಡೂ ಒಂದೇ ಮುಖ. ಚಿಕ್ಕತಾಯಮ್ಮ ಚೀರಿ ಕುಸಿದರು.

ಅವಳು ಅವರ ಮಗಳು ಸಾವಿತ್ರಿ. ಗಾರ್ಮೆಂಟ್ಸ್ ಕೆಲಸ ಕೊಡಿಸುತ್ತೇನೆಂದ ಏಜೆಂಟನ ಜೊತೆ ಮದ್ದೂರಿನಲ್ಲಿ ಬಸ್ಸು ಹತ್ತಿದವಳು. ಅವನು ಮಾರಿದ್ದು ಎಲ್ಲೋ ದೂರದ ಇಟ್ಟಿಗೆ ಗೂಡಿಗೆ. ಇಲ್ಲಿ ವರ್ಷಗಟ್ಟಲೆ ಹುಡುಕಿ ಸೋತವರು ಸತ್ತಳೆಂದೇ ತಿಳಿದು ಎಡೆ ಇಡಲು ಶುರು ಮಾಡಿದರು. ರೇಷನ್ ಕಾರ್ಡಿನಿಂದ ಹೆಸರನ್ನೂ ತೆಗೆಸಿದರು. ಈಚೆಗೆ ಅಧಿಕಾರಿಗಳು ಗೂಡಿಗೆ ನುಗ್ಗಿ ಬಿಡಿಸಿ, ಸ್ವಲ್ಪ ದಿನ ಮಂಡ್ಯದ ಆಶ್ರಯ ಕೇಂದ್ರದಲ್ಲಿಟ್ಟು, ಮನೆಗೆ ಹೋಗಮ್ಮ ಎಂದು ಬಸ್ಸು ಹತ್ತಿಸಿದ್ದರು. ಹಿತ್ತಲ ಬಾಗಿಲಿಂದ ಬಂದಳು. ಹಸಿದಿದ್ದಳು. ಎಲೆ ಕಂಡಿತು, ಕೂತಳು.

"ಬಾಗಿಲು ಮುಚ್ಚಿತ್ತಲ್ಲ, ಒಬ್ಬಳಿಗೇ ಹೆದರಿಕೆ ಆಗಲಿಲ್ವಾ?" ಅಂದೆ.

"ಗೂಡಲ್ಲಿ ಬೀಗ ಆಕ್ಬುಟ್ಟೇ ಊಟ ಕೊಡೋರು ಕಣಕ್ಕ. ನಂಗೆ ಅಂಗೇ ಅಭ್ಯಾಸ."

ಹೋದ ಜೀವ ಬಂತು, ಮನೆಯಲ್ಲಿ ಸಂಭ್ರಮ ಅಂದುಕೊಂಡಿರಾ? ಯಾರೂ ಅವಳ ಪಕ್ಕ ಕೂರಲಿಲ್ಲ. ಮರುದಿನ ಬೆಳಿಗ್ಗೆ ಪುಟ್ಟಲಕ್ಷ್ಮಿ ಅವಳ ಮುಂದೆ ಎಲೆಯಲ್ಲಿ ಮುದ್ದೆ ಇಟ್ಟು ಬಾಗಿಲು ಎಳೆದುಕೊಂಡು ಬಂದಳು. ಎಲೆ ತೆಗೆಯಲು ಹೋಗುವಾಗ ಕೆಮ್ಮಿದಳು!

"ನನ್ ಪಾಲಿನ್ ಅಕ್ಕಿ ನಂಗೆ ಬಂದ್ರೆ ಸಾಕು ಕಣಕ್ಕ," ಅಂದಳು ಸಾವಿತ್ರಿ. "ಎಲ್ಲಾದ್ರೂ ಒಂದ್ ಮೂಲೇಲಿ ಬೇಯಿಸ್ಕೊಂಡ್ ತಿಂತೀನಿ. ಯಾರ್ನೂ ಎದುರ್ಸಕಿಲ್ಲ."

ಅವಳನ್ನು ಮಳವಳ್ಳಿಯ ರೇಷನ್ ಕಾರ್ಡಿನ ಆಫೀಸಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು. ಆಧಾರ್ ಕೇಳಿದರು. ಅದನ್ನು ಏಜೆಂಟ್ ಎಂದೋ ಕಿತ್ತುಕೊಂಡಿದ್ದ. "ಹಾಗಾದ್ರೆ ಕಾರ್ಡಿನ ಯಜಮಾನಿ ಬಂದು, ಇವಳು ನಮ್ಮವಳೇ ಅಂತ ಹೆಬ್ಬೆಟ್ಟು ಒತ್ತಲಿ ಮೇಡಂ. ಅಲ್ಲಿವರೆಗೂ ಸಿಸ್ಟಮ್‌ನಲ್ಲಿ ಈಯಮ್ಮ ಇಲ್ಲ." ಈಯಮ್ಮ ಅವರೆದುರೇ ಕೂತು ಉಸಿರಾಡುತ್ತಿದ್ದಳು. ನನಗೆ ರೇಗಿಹೋಯಿತು. ಬಿಡಿಸಿಕೊಂಡು ಬರಲು ಜೀಪಿತ್ತು, ಫೋಟೊ ತೆಗೆಯಲು ಕ್ಯಾಮೆರಾ ಇತ್ತು. ಆಮೇಲೆ ಅವಳು ಏನು ತಿನ್ನಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲವಾ?

ಹೋಗಲಿ, ಯಜಮಾನಿ ಅಂದರೆ ಹೆತ್ತ ತಾಯಿ ತಾನೇ, ಒಂದು ಹೆಬ್ಬೆಟ್ಟು ಎಷ್ಟರ ಮಾತು ಅಂದುಕೊಂಡು ವಾಪಸ್ ಬಂದೆ.

ಚಿಕ್ಕತಾಯಮ್ಮ ಕೈಯನ್ನು ಸೆರಗೊಳಗೆ ಎಳೆದುಕೊಂಡರು. "ಆಗಕಿಲ್ಲ ಕಣವ್ವ. ಎಡೆ ಇಕ್ಕಿದ್ ಹೆಸ್ರು ಅದು. ವಾಪಸ್ ಕರುದ್ರೆ ಹಿರೀಕ್ರು ಆ ಜಾಗಕ್ಕೆ ಇನ್ನೊಂದ್ ಜೀವ ಕೇಳ್ತಾರೆ. ಮನೇಲಿ ಕೂಸೈತೆ."

ಬೈದೆ, ಬೇಡಿಕೊಂಡೆ. ಆಯಮ್ಮ ಅತ್ತರೇ ಹೊರತು ಕೈ ಹೊರಗೆ ತೆಗೆಯಲಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅದೇ ಕಣ್ರೀ ನನ್ನನ್ನು ಹೆಚ್ಚು ಹೆದರಿಸಿದ್ದು.

ಸಾವಿತ್ರಿ ಚೀಲ ಎತ್ತಿಕೊಂಡು ನನ್ನ ಜೊತೆ ಹೊರಟಳು. ಹೊಸಲು ದಾಟಿ, ತಿರುಗಿ ಕೇಳಿದಳು. "ಅವ್ವಾ, ಬರೋ ವರ್ಸಾನೂ ಎಡೆ ಇಕ್ತೀಯಾ?"

"ಇಕ್ದೆ ಬುಟ್ಟೇನಾ ಕಂದಾ?" ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡರು. "ನಿಂಗಿಷ್ಟ ಅಂತ ಕಜ್ಜಾಯಾನೂ ಮಾಡ್ತೀನಿ."

ಸತ್ತವರಾದರೆ ಅಲ್ಲಿವರೆಗೂ ಕಾಯುತ್ತಾರೆ. ಇವಳು ನಾಳೆ ಏನು ತಿನ್ನಬೇಕು?