ಯಾರಿಂದ ಬಂತು ಅಂತ ಆಮೇಲೆ

ಪಕ್ಕದ ಮನೆಯಲ್ಲಿ ಮೆಂತ್ಯ ನೆನೆಹಾಕಿದ್ದಾರೆ. ಆ ಕಹಿ ವಾಸನೆಗೆ ನಿಮಗೆ ದೋಸೆ ನೆನಪಾದೀತು. ನನಗೆ ನೆನಪಾಗುವುದು ಕೆಸರೆಯ ವಠಾರ, ಮತ್ತೆ ತುರಿಕೆ.

ಮದುವೆಯಾದ ಹೊಸತರಲ್ಲಿ ಶುರುವಾದದ್ದು. ಬಿಳುಪು ಹೋಗುವುದು, ಉರಿ, ಕೆಟ್ಟ ವಾಸನೆ. ವಠಾರದ ಹೆಂಗಸರು ಅದನ್ನು ಉಷ್ಣ ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ. ನೆನೆಸಿದ ಮೆಂತ್ಯವನ್ನು ಎಷ್ಟು ತಿಂದೆನೆಂದರೆ ನನ್ನ ಬೆವರೇ ಸಾಂಬಾರಿನ ಹಾಗೆ ಘಮ್ಮೆನ್ನುತ್ತಿತ್ತು.

ಎದುರು ಮನೆಯ ಫಿಲೋಮಿನಕ್ಕ ಭಾನುವಾರ ಚರ್ಚಿಗೆ ಹೋಗುವರು, ಮಿಕ್ಕ ದಿನ ಊದುಬತ್ತಿ ಹೊಸೆಯುವರು. ಒಮ್ಮೆ ನಲ್ಲಿಯ ಹತ್ತಿರ ಮೆಲ್ಲಗೆ ಕೇಳಿದರು, "ನಿಂಗೂ ಹೋಗ್ತದಾ?"

ತಲೆಯಾಡಿಸಿದೆ.

"ನಂಗೂ ಕಣಮ್ಮ. ಈ ವಠಾರ್‍ದಲ್ಲಿ ಯಾರ್ನ ಕೇಳಿದ್ರೂ ಹೂಂ ಅಂತಾರೆ. ಎಲ್ರಿಗೂ ಎಂಗೆ ಉಷ್ಣ ಆಯ್ತದೆ? ನಡಿ, ಆಸ್ಪತ್ರೇಲಿ ತೋರಿಸ್ಕೊಂಡು ಬಂದ್ಬುಡಣ."

ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಕಾಯಿಲೆ. ಅದರ ಹೆಸರು ನನ್ನ ನಾಲಿಗೆಗೆ ಸಿಕ್ಕಲಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಕಣ್ಣಿಗೆ ಕಾಣದ ಪರೋಪಜೀವಿ. ದೈಹಿಕ ಸಂಪರ್ಕದಿಂದ ಬರುತ್ತೆ. ತುಂಬಾ ಹೆಂಗಸರಿಗಿದೆ, ಹೇಳ್ಕೊಳ್ಳಲ್ಲ ಅಷ್ಟೆ. ಗಂಡಸರಿಗಿದ್ರೂ ಎಷ್ಟೋ ಸಲ ಗೊತ್ತಾಗಲ್ಲ. ಗಂಡ ಹೆಂಡತಿ ಇಬ್ರೂ ಮಾತ್ರೆ ತಗೋಬೇಕು."

ಫಿಲೋಮಿನಕ್ಕನ ಯಜಮಾನರು ಸುಮ್ಮನೆ ನುಂಗಿದರು. ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ನಮ್ಮವರು ಸಿಡುಕಿದರು. "ನಂಗೇನಾಗಿದೆ? ನನ್ ಮೇಲೇನೇ ಅನುಮಾನಾನಾ?"

ಅನುಮಾನವಿತ್ತು. ಯಾರಿಂದ, ಯಾವಾಗ ಬಂತೆಂದು ಡಾಕ್ಟರೂ ಹೇಳಲಾರರು. ನಾನೊಬ್ಬಳೇ ಮಾತ್ರೆ ತಗೊಂಡೆ. ಫಿಲೋಮಿನಕ್ಕ ಗುಣವಾದರು, ನನಗೆ ಮತ್ತೆ ಬಂತು. ಅವರ ಮುಂದೆ ಕೂತು ಅತ್ತೆ.

ಅವರು ಊದುಬತ್ತಿ ಹೊಸೆಯುತ್ತಲೇ ಅಂದರು, "ಯಾರಿಂದ ಬಂತು ಅಂತ ಆಮೇಲೆ ಜಗಳ ಆಡು. ಮೊದ್ಲು ನುಂಗ್ಸು."

ಅಂದೇ ನನ್ನ ಚಾಪೆಯನ್ನು ಅಡುಗೆಮನೆಗೆ ಸಾಗಿಸಿದೆ. "ಮಾತ್ರೆ ತಗೊಳ್ಳೋವರ್ಗೂ ಇಲ್ಲೇ ಕಣ್ರೀ ನಾನು."

ನಮ್ಮವರು ಮುನಿಸಿಕೊಂಡರು, ಊಟ ಬಿಟ್ಟರು, ಅಮ್ಮನ ಮನೆಗೆ ಹೋಗು ಎಂದರು. ನಾನು ಹೋಗಲಿಲ್ಲ, ಚಾಪೆಯೂ ಅಲ್ಲಿಂದ ಏಳಲಿಲ್ಲ. ಕೊನೆಗೊಂದು ಬೆಳಿಗ್ಗೆ ತಿಂಡಿ ಮುಗಿಸಿ, ನನ್ನ ಮುಖ ನೋಡದೆ ಅಂಗೈ ಚಾಚಿದರು. ನಾನೂ ಇನ್ನೊಮ್ಮೆ ತಗೊಂಡೆ. ಕಾಯಿಲೆ ಹೋಯಿತು. ಜಗಳ ಮಾತ್ರ ಇವತ್ತಿನವರೆಗೂ ಆಡಿಲ್ಲ. ಆಡಬೇಕೆನಿಸಿದ ದಿನಗಳು ಬೇಕಾದಷ್ಟಿವೆ.

ಈಗ ಒಂಟಿಕೊಪ್ಪಲಿನಲ್ಲಿದ್ದೇವೆ. ಮಗಳ ಮದುವೆ ಗೊತ್ತಾಗಿದೆ. ನಿನ್ನೆ ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ನಾಚಿದಳು, ಆದರೂ ಎದ್ದು ಹೋಗಲಿಲ್ಲ. ಇವತ್ತು ಮಧ್ಯಾಹ್ನ ಅಳಿಯನಾಗುವ ಹುಡುಗ ಊಟಕ್ಕೆ ಬರುತ್ತಾನೆ. ಅವನಿಗೂ ಹೇಳುವವಳಿದ್ದೇನೆ.

"ಅವನ ಮುಂದೆ ಬೇಡ ಕಣೇ," ಎಂದರು ಇವರು.

"ನೀವೂ ಜೊತೇಲಿ ಕೂತ್ಕೊಳ್ಳಿ," ಎಂದಿದ್ದೇನೆ.