ಜಯಲತಾ ಗಟ್ಟಿಯಾಗಿ ಬರೆಯುತ್ತಿದ್ದಳು

ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಜಯಲತಾಳನ್ನು ಹೊಗಳುವ ಗಂಡಸರಿಗೆ ಒಂದೇ ಮಾತು ಬಾಯಿಪಾಠ. "ಎರಡು ಸಣ್ಣ ಮಕ್ಕಳನ್ನಿಟ್ಟುಕೊಂಡು ಕತೆ ಬರೀತಾರಲ್ಲ, ಭೇಷ್!" ಭೇಷ್ ಎಂದವರಲ್ಲಿ ಒಬ್ಬನಾದರೂ ಆ ಮಕ್ಕಳನ್ನು ಹತ್ತು ನಿಮಿಷ ಎತ್ತಿಕೊಂಡದ್ದು ನಾನು ಕಾಣೆ. ಅವರ ಭೇಷ್ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವಳು ಬರೆಯುತ್ತಿದ್ದ ರೀತಿ ನನಗೆ ಗೊತ್ತು. ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಚಾಳಿನಲ್ಲಿ, ಗೋಡೆಗೆ ಗೋಡೆ ತಾಗಿದ ಸಾಲುಮನೆಗಳ ನಡುವೆ, ಒಂದೂವರೆ ಕೋಣೆಯ ಮನೆ. ಆರು ವರ್ಷದ ನಿಕಿತಾ, ನಾಲ್ಕರ ರಿತೇಶ್. ಕೈ ಖಾಲಿಯಾದರೆ ತಾನೆ ಪೆನ್ನು ಹಿಡಿಯುವುದು? ಹಾಗಾಗಿ ಅವಳು ಕತೆಯನ್ನು ಮೊದಲು ಬಾಯಲ್ಲೇ ಕಟ್ಟುತ್ತಿದ್ದಳು. ಮೀನು ತೊಳೆಯುತ್ತ, ಮಕ್ಕಳ ಬಾಯಿಗೆ ಗಂಜಿ ತುರುಕುತ್ತ, ಹೆಂಡತಿಯಾಗಿ ಅಳುತ್ತಿದ್ದಳು, ಗಂಡನಾಗಿ ಅಬ್ಬರಿಸುತ್ತಿದ್ದಳು. ಮಕ್ಕಳು ನಿದ್ದೆ ಹೋದ ಮೇಲೆ ಅದನ್ನೇ ಕಾಗದಕ್ಕೆ ಇಳಿಸುತ್ತಿದ್ದಳು.

ಮೊದಮೊದಲು "ಅಯ್ಯೋ, ಕೊಲ್ಲಬೇಡಿ!" ಎಂಬ ಕೂಗು ಕೇಳಿ ಪಕ್ಕದ ಮನೆಯ ಮರಾಠಿ ಹೆಂಗಸು ಚಂದ್ರಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ನೋಡಿದರೆ ಜಯಲತಾ ಮಗನ ತಲೆಗೆ ಎಣ್ಣೆ ತಿಕ್ಕುತ್ತ ನಿಂತಿದ್ದಾಳೆ! ಚಾಳಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ಮನೆಯಿಂದ ಎಷ್ಟೇ ಬೊಬ್ಬೆ ಕೇಳಿದರೂ ಕತೆ ನಡೆಯುತ್ತಿದೆ ಎಂದು ಯಾರೂ ಕದಲುತ್ತಿರಲಿಲ್ಲ.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವನು ಅವಳ ಗಂಡ ಭುಜಂಗ. ಕೋಪರಖೈರಣೆಯ ಒಂದು ಹೋಟೆಲಿನಲ್ಲಿ ಮಾಣಿಗಳ ಮೇಲಿನ ಕ್ಯಾಪ್ಟನ್. ದೀಪಾವಳಿ ವಿಶೇಷಾಂಕದಲ್ಲಿ ಹೆಂಡತಿಯ ಕತೆ ಓದಿದ ಯಾರೋ "ಕ್ಯಾಪ್ಟನ್ ಸಾಹೇಬ್ರೆ, ಅದರಲ್ಲಿ ಹೊಡೆಯೋ ಗಂಡ ನೀವೇನಾ?" ಎಂದು ಕೀಟಲೆ ಮಾಡಿದ್ದರು. ಆ ಸಿಟ್ಟನ್ನು ಅವನು ರಜೆಯ ದಿನಕ್ಕೆಂದು ಕೂಡಿಟ್ಟುಕೊಂಡು ಬರುತ್ತಿದ್ದ. ಜಡೆ ಕೈಗೆ ಸುತ್ತಿಕೊಂಡು ಅವಳ ಹಣೆಯನ್ನು ಗೋಡೆಗೆ ಬಡಿಯುತ್ತಿದ್ದ. "ಬೊಬ್ಬೆ ಪಾಡ್, ಏರ್ಲಾ ಬರಯೆರ್" ಎಂದು ತುಳುವಿನಲ್ಲಿ ನಗುತ್ತಿದ್ದ. ಕೂಗಿಕೋ, ಯಾರೂ ಬರುವುದಿಲ್ಲ! ನಿಜಕ್ಕೂ ಯಾರೂ ಬರುತ್ತಿರಲಿಲ್ಲ.

"ಬಿಟ್ಟು ಬಾ" ಎಂದು ನಾನು ಎಷ್ಟೋ ಸಲ ಬೈದಿದ್ದೆ. "ನನಗೆ ಹೊಡೀಲಿ ಅಕ್ಕಾ, ತಡ್ಕೊಳ್ತೇನೆ. ಮಕ್ಕಳ ಮೈಗೆ ಅವರ ಕೈ ತಾಗಬಾರದು, ಅಷ್ಟೇ" ಎನ್ನುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಮಳೆಗಾಲ ಮುಗಿದಿತ್ತು. ಅವಳು ಹೊಸ ಕತೆಯೊಂದನ್ನು ಬಾಯಲ್ಲಿ ಕಟ್ಟುತ್ತಿದ್ದಳು. ಅದರಲ್ಲಿ ಹೆಂಡತಿ ಗಂಡನಿಗೆ, "ಇನ್ನೊಂದು ಸಲ ಕೈ ಎತ್ತಿದರೆ ಕೈ ಮುರಿಯುತ್ತೇನೆ" ಎನ್ನುತ್ತಾಳೆ. ಆ ಸಾಲು ಸರಿಯಾಗಿ ಕೂರಲಿಲ್ಲವೆಂದು ವಾರವಿಡೀ ಅದನ್ನೇ ಹೇಳಿ ಹೇಳಿ ನೋಡಿದ್ದಳು. ಹಿಂದಿ ಬಿಟ್ಟರೆ ಬೇರೆ ಮಾತಾಡದ ರಿತೇಶನಿಗೂ ಅದು ಬಾಯಿಪಾಠವಾಗಿತ್ತು.

ಭುಜಂಗನ ರಜೆಯ ದಿನ, ಮಧ್ಯಾಹ್ನ. ಸಾರಿಗೆ ಉಪ್ಪು ಕಡಿಮೆಯೆಂದು ಅವನು ಹೆಂಡತಿಯ ಮೇಲೆ ಕೈ ಎತ್ತಿದ. ತಟ್ಟೆಯ ಮುಂದೆ ಕೂತಿದ್ದ ರಿತೇಶ ಎದ್ದು ನಿಂತು, ಅಮ್ಮನದೇ ದನಿಯಲ್ಲಿ, ಅಚ್ಚ ಕನ್ನಡದಲ್ಲಿ ಆ ಸಾಲನ್ನು ಹೇಳಿಬಿಟ್ಟ.

"ಯಾರ ಕೈ ಮುರೀತೀಯೋ?" ಎಂದು ಭುಜಂಗ ಮಗುವಿನ ತೋಳು ಹಿಡಿದು ತಿರುಚಿದ. ಲಟಕ್ಕೆಂದಿತು. ಜಯಲತಾ ಅವನ ಮೇಲೆ ಬಿದ್ದು ಮುಂಗೈಗೆ ಹಲ್ಲು ಊರಿದಳು. ಅವನು ಒದ್ದ ಒದೆತಕ್ಕೆ ಅವಳ ಬಾಯಿ ಅಡುಗೆ ಕಟ್ಟೆಗೆ ಬಡಿದು ಹಲ್ಲೊಂದು ಕಿತ್ತುಬಂತು. ಮಗು ಇನ್ನೂ ಅವನ ಕೈಯಲ್ಲೇ ಜೋತಾಡುತ್ತಿತ್ತು. "ಅಯ್ಯೋ, ಮಗು ಸಾಯ್ತದೆ, ಬಿಡಿ!" ಎಂದು ಕಿರುಚಿದಳು. ಪಕ್ಕದ ಮನೆಯಲ್ಲಿ ಚಂದ್ರಬಾಯಿ ಟೀವಿಯ ದನಿ ಏರಿಸಿದಳು.

ಆಗ ಜಯಲತಾಳಿಗೆ ಹೊಳೆಯಿತು. ಅವಳ ಕತೆಗಳೆಲ್ಲ ಕನ್ನಡದವು, ಅಲ್ಲಿ ಅಳುವವರೆಲ್ಲ ಕನ್ನಡದಲ್ಲೇ ಅಳುತ್ತಾರೆ. ಬಾಯಿಯ ರಕ್ತ ಉಗಿದು, ಓಡಿ ಬನ್ನಿ, ನನ್ನ ಮಗನನ್ನು ಕೊಲ್ತಿದ್ದಾನೆ ಎಂದು ಮರಾಠಿಯಲ್ಲಿ ಕೂಗಿದಳು. "ಚಂದ್ರಬಾಯಿ, ಧಾವಾ! ಮಾಝ್ಯಾ ಪೋರಾಲಾ ಮಾರ್ತೋಯ್!"

ಟೀವಿ ನಿಂತಿತು. ನಿಕಿತಾ ಚಿಲಕ ತೆಗೆಯುವಷ್ಟರಲ್ಲಿ ಚಂದ್ರಬಾಯಿ ಬಾಗಿಲನ್ನೇ ಒದ್ದು ಬಂದಿದ್ದಳು, ಹಿಂದೆ ಇಡೀ ಚಾಳು. ಲಟ್ಟಣಿಗೆಯಿಂದ ಅವನ ತಲೆಗೆ ಒಂದು, ಮೊಣಕೈಗೆ ಒಂದು ಕೊಟ್ಟಳು. ಅವನು ಮಗುವನ್ನು ಬಿಟ್ಟು ಕುಸಿದ. ಹೆಂಗಸರು ಅವನನ್ನು ಮೆಟ್ಟಿಲುಗಳ ಮೇಲಿಂದ ಎಳೆದುಕೊಂಡೇ ಹೋಗಿ ಪೊಲೀಸರಿಗೆ ಒಪ್ಪಿಸಿದರು. ಇದನ್ನು ಕೇಳಿ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಅದಾದ ಮುಂದಿನ ವಾರ ಮಗುವನ್ನು ನೋಡಲು ಹೋದೆ. ರಿತೇಶ ಪ್ಲಾಸ್ಟರಿನ ಕೈ ದಿಂಬಿನ ಮೇಲಿಟ್ಟು ಮಲಗಿದ್ದ. ಅನ್ನ ಕಲಸುತ್ತಿದ್ದ ಜಯಲತಾ ತಡವರಿಸುತ್ತ ಕತೆಯ ಉಳಿದ ಭಾಗ ಶುರುಮಾಡಿದಳು. ಬಾಯಿ ಇನ್ನೂ ಊದಿಕೊಂಡಿತ್ತು.

"ಮಮ್ಮೀ, ಉಸ್ಕೋ ಮಾರ್ ಡಾಲೋ ನಾ" ಎಂದಳು ನಿಕಿತಾ.

ಜಯಲತಾ ಅವಳ ಬಾಯಿಗೆ ಒಂದು ತುತ್ತು ಇಟ್ಟಳು. ಆಮೇಲೆ ಕತೆಯ ಗಂಡನನ್ನು ಮುಂಬ್ರಾದ ಹತ್ತಿರ ಓಡುವ ಲೋಕಲ್ ರೈಲಿನ ಬಾಗಿಲಿನಿಂದ ಬೀಳಿಸಿ ಕೊಂದಳು. ನನಗಂತೂ ಹಾಯೆನಿಸಿತು.

ನಿಕಿತಾ ತಲೆ ಅಲ್ಲಾಡಿಸಿದಳು. ತುತ್ತನ್ನು ನಿಧಾನವಾಗಿ ಅಗಿದು ನುಂಗಿ ಅಮ್ಮನ ಮೊಣಕಾಲು ಹಿಡಿದುಕೊಂಡಳು. "ಇತ್ನಾ ಜಲ್ದೀ ನಹೀ, ಮಮ್ಮೀ. ಧೀರೇ ಧೀರೇ ಮಾರೋ. ಉಸ್ಕೋ ಭೀ ದುಖ್ನಾ ಚಾಹಿಯೇ."

ಜಯಲತಾ ನನ್ನ ಮುಖ ನೋಡಿದಳು. ಇಷ್ಟು ಬೇಗ ಬೇಡ, ನಿಧಾನವಾಗಿ ಕೊಲ್ಲು, ಅವನಿಗೂ ನೋಯಬೇಕು ಎನ್ನುತ್ತಿದ್ದುದು ಆರು ವರ್ಷದ ಮಗು.